ಕಾರ್ಬೋರೇಟರ್ ಮೇಸ್ತ್ರಿಯ ಜೇಬಿನಲ್ಲಿ ಸ್ಟೋವ್ ಪಿನ್ನು

ಕಳೆದ ಶುಕ್ರವಾರ ಬಟ್ಟೆ ಒಗೆಯಲು ಕೂತ ನನ್ನ ಹೆಂಡತಿ ಜೈನಬಿ "ಅಯ್ಯಯ್ಯವ್ವಾ" ಎಂದು ಕೂಗಿಕೊಂಡಳು. ಚೇಳು ಕಡಿಯಿತೇನೋ ಎಂದು ಓಡಿದೆ. ಒಂದು ಬೆರಳನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಜೇಬಿನಿಂದ ತೆಗೆದ ಸ್ಟೋವ್ ಪಿನ್ನನ್ನು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಈಗಿನವರು ಸ್ಟೋವ್ ಪಿನ್ನು ನೋಡಿರಲಿಕ್ಕಿಲ್ಲ. ಬೆರಳುದ್ದದ ತಗಡಿನ ಪಟ್ಟಿ, ಅದರ ತುದಿಗೆ ಕೂದಲಿನಷ್ಟು ತೆಳ್ಳಗಿನ ಒಂದು ತಂತಿ. ಸೀಮೆಎಣ್ಣೆಯ ಪಂಪ್ ಸ್ಟೋವಿನ ಬಾಯಿಗೆ ಮಸಿ ಕಟ್ಟಿದಾಗ ಅದನ್ನು ಚುಚ್ಚಿ ಬಿಡಿಸಲು ಬೇಕಾಗುತ್ತಿತ್ತು.

"ಮನ್ಯಾಗ ಸ್ಟೋವ್ ಹೋಗಿ ಎಷ್ಟು ವರ್ಷ ಆತು. ಇದನ್ಯಾಕ ಎದಿಮ್ಯಾಲ ಇಟ್ಕೊಂಡು ತಿರಗತೀರಿ?" ಎಂದಳು.

"ಅದು ನನ್ನ ಸರ್ಟಿಫಿಕೇಟು. ಹುಷಾರಾಗಿ ಇಡು."

"ಆರನೇತ್ತಾ ಫೇಲಾದೋರಿಗೆ ಇಂಥಾದ್ದ ಸರ್ಟಿಫಿಕೇಟ್ ಕೊಡತಾರೇನು?"

ಈ ಮಾತನ್ನು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ, ನಾನೂ ಮದುವೆಯಾದಾಗಿನಿಂದ ತಿದ್ದುತ್ತಿದ್ದೇನೆ. ನಾನು ಫೇಲಾದವನಲ್ಲ, ಶಾಲೆ ಬಿಟ್ಟವನು. ಫೇಲಾದವನನ್ನು ಶಾಲೆ ಬಿಡುತ್ತದೆ. ನಾನು ಶಾಲೆಯನ್ನೇ ಬಿಟ್ಟೆ.

ಆದರೆ ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಬಳ್ಳಾರಿಯಲ್ಲಿ ಬಾಷಾ ಮೇಸ್ತ್ರಿ ಎಂದರೆ ಕಾರ್ಬೋರೇಟರ್ ಮೇಸ್ತ್ರಿ. ಪೆಟ್ರೋಲು ತಾನಾಗಿ ಉರಿಯುವುದಿಲ್ಲ, ಹದವಾಗಿ ಗಾಳಿ ಬೆರೆತರೆ ಮಾತ್ರ ಉರಿಯುತ್ತದೆ. ಹಳೆಯ ಗಾಡಿಗಳಲ್ಲಿ ಅವೆರಡನ್ನೂ ಬೆರೆಸುವ ಪಾತ್ರೆಯೇ ಕಾರ್ಬೋರೇಟರು. ಅದರೊಳಗೆ ಪೆಟ್ರೋಲು ಚಿಮ್ಮುವ ಸಣ್ಣ ಹಿತ್ತಾಳೆಯ ತೂತಿಗೆ ಜೆಟ್ ಅನ್ನುತ್ತೇವೆ. ಈ ವಿದ್ಯೆಯ ಮೊದಲನೆಯ ಪಾಠವೆಂದರೆ ಜೆಟ್ಟಿಗೆ ಎಂದೂ ತಂತಿ ಚುಚ್ಚಬಾರದು. ಕಸ ಕೂತರೆ ಪೆಟ್ರೋಲಿನಲ್ಲಿ ನೆನೆಹಾಕಬೇಕು, ಬಾಯಿಂದ ಊದಬೇಕು, ಹೋಗದಿದ್ದರೆ ಮತ್ತೆ ನೆನೆಹಾಕಬೇಕು. ತಂತಿ ಹಾಕಿದರೆ ತೂತು ಒಂದೆಳೆ ಅಗಲವಾಗುತ್ತದೆ, ಆಮೇಲೆ ಆ ಗಾಡಿ ಸಾಯುವವರೆಗೆ ಕುಡುಕನಂತೆ ಪೆಟ್ರೋಲು ಕುಡಿಯುತ್ತದೆ. ಜೆಟ್ಟಿಗೆ ಪಿನ್ನು ಹಾಕಿದವರನ್ನು ನಾನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಓದುವವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ.

ಅಂಥವನ ಜೇಬಿನಲ್ಲಿ ಪಿನ್ನು ಯಾಕೆ? ಹೇಳುತ್ತೇನೆ. ಆದರೆ ನನ್ನ ಮಾತು ತಣ್ಣಗಿನ ಇಂಜಿನ್ನಿನ ಹಾಗೆ, ಎರಡು ಮೂರು ಸಲ ಕೆಮ್ಮಿಯೇ ಹಿಡಿದುಕೊಳ್ಳುತ್ತದೆ. ಅಷ್ಟು ಸೈರಣೆ ಇರಲಿ.

ನಮ್ಮಪ್ಪ ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ ಕಲಾಯಿ ಹಾಕುತ್ತಿದ್ದರು. ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿದು ಬೆಳ್ಳಗೆ ಮಾಡುವ ಕೆಲಸ. ನೆಲದಲ್ಲೊಂದು ಸಣ್ಣ ಕುಣಿ, ಕುಣಿಯಲ್ಲಿ ಇದ್ದಿಲು, ಪಕ್ಕದಲ್ಲಿ ಗಾಳಿ ಊದುವ ತೊಗಲಿನ ತಿದಿ. ಕಾಲಿನಿಂದ ತಿದಿ ಒತ್ತುವುದು ನನ್ನ ಪಾಲಿನದು. "ಗಾಳಿ ಭಾಳ ಆತಂದ್ರ ಕೆಂಡ ಹಾರತೈತಿ, ಕಡಿಮಿ ಆತಂದ್ರ ಹೊಗಿ ಬರತೈತಿ. ನಡುವಿಂದು ಹಿಡಿಯಲೇ" ಅನ್ನುತ್ತಿದ್ದರು. ಅಷ್ಟೇ ಪಾಠ. ಆ ಒಂದು ಮಾತಿನ ಮೇಲೆ ನಾನು ನಲವತ್ತು ವರ್ಷದಿಂದ ಅನ್ನ ತಿನ್ನುತ್ತಿದ್ದೇನೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಲು ಎದ್ದು ನಿಂತಾಗಲೂ ನನ್ನ ಬಲಗಾಲು ತಾನಾಗಿ ತಿದಿ ಒತ್ತುತ್ತಿತ್ತಂತೆ. "ಏನಲೇ, ಹೊಲಿಗಿ ಮಷೀನ್ ತುಳೀತಿಯೇನು?" ಎಂದು ಮಾಸ್ತರು ಆ ಕಾಲಿಗೇ ಬಡಿಯುತ್ತಿದ್ದರು. ಕಾಲಿಗೆ ಬುದ್ಧಿ ಬರಲಿಲ್ಲ. ನಾನೇ ಕಾಲಿನ ಹಿಂದೆ ಹೋದೆ.

ನಮ್ಮ ಕುಣಿಯ ಎದುರಿಗೆ ಶೇಂಗಾ ಎಣ್ಣೆಯ ಅಂಗಡಿಯಿತ್ತು. ಆ ಸಾಹುಕಾರರು ಹೊಸ ಡಬ್ಬಿ ಒಡೆಯುವಾಗ ಮೊಳೆ ಇಟ್ಟು ಎರಡು ಏಟು ಹಾಕಿ ಎರಡು ಮೂಲೆಗೆ ಎರಡು ತೂತು ಮಾಡುತ್ತಿದ್ದರು. ಎಣ್ಣೆ ಬರುವುದು ಒಂದರಿಂದ, ಇನ್ನೊಂದು ಯಾಕೆಂದು ನನಗೆ ಕುತೂಹಲ. ಅಪ್ಪನನ್ನು ಕೇಳಿದೆ. "ಒಂದು ಎಣ್ಣಿ ಹೊರಗ ಬರಾಕ, ಒಂದು ಗಾಳಿ ಒಳಗ ಹೋಗಾಕ. ಗಾಳಿ ಹೋಗಲಿಲ್ಲಂದ್ರ ಎಣ್ಣಿ ಬರಂಗಿಲ್ಲ" ಎಂದರು. ಆಹಾ ಅಂದುಕೊಂಡೆ. ಆಮೇಲೆ ಮರೆತೆ. ಮರೆತದ್ದರ ಫಲವನ್ನು ಮುಂದೆ ನೋಡುವಿರಂತೆ.

ಅಪ್ಪನದು ತಿದಿಯಾದರೆ ಅಮ್ಮನದು ಪಂಪ್ ಸ್ಟೋವು. ಅದು ಭುಸುಗುಡುತ್ತ ನೀಲಿಯಾಗಿ ಉರಿಯುತ್ತಿದ್ದರೆ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಅರ್ಥ. ಭುಸುಭುಸು ನಿಂತು ಕೆಂಪಗೆ ಉರಿಯತೊಡಗಿದರೆ ಅಮ್ಮ ಬೆನ್ನು ತಿರುಗಿಸಿಕೊಂಡಿದ್ದರೂ ಗೊತ್ತಾಗಿಬಿಡುತ್ತಿತ್ತು. ಗೋಡೆಯ ಸಂದಿಯಿಂದ ಪಿನ್ನು ಎಳೆದು, ನೋಡದೆಯೇ ಚುಚ್ಚಿ, ಪಿನ್ನನ್ನು ಮತ್ತೆ ಸಂದಿಗೆ ಸಿಕ್ಕಿಸಿ, ಈರುಳ್ಳಿ ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು. ನನ್ನ ಕಿವಿ ತಯಾರಾದದ್ದು ಅಲ್ಲಿ.

ಕಿವಿಯ ಮಾತು ಬಂತಲ್ಲ, ನನ್ನ ಅಂಗಡಿಯ ಮೊಳೆಯಲ್ಲಿ ಒಂದೂವರೆ ಮೊಳದ ರಬ್ಬರ್ ನಳಿಗೆ ತೂಗುಹಾಕಿದೆ. ಕಾರ್ಬೋರೇಟರ್ ಟ್ಯೂನ್ ಮಾಡುವಾಗ ಅದರ ಒಂದು ತುದಿ ನನ್ನ ಕಿವಿಗೆ, ಇನ್ನೊಂದು ತುದಿ ಕಾರ್ಬೋರೇಟರಿನ ಬಾಯಿಗೆ. ಇಂಜಿನ್ ಓಡುತ್ತಿರುವಾಗ ಅಲ್ಲಿ ಗಾಳಿ ಒಳಗೆ ಹೋಗುವ ಸದ್ದಿರುತ್ತದೆ. ಸ್ಕ್ರೂವನ್ನು ಕಾಲು ಸುತ್ತು ತಿರುವಿದರೆ ಸದ್ದು ಬದಲಾಗುತ್ತದೆ. ಗಾಳಿ ಹೆಚ್ಚಾದರೆ ಸೀಳುದನಿ, ಪೆಟ್ರೋಲು ಹೆಚ್ಚಾದರೆ ನೆಗಡಿಯಾದವನ ಮೂಗು. ನಡುವೆ ಒಂದು ಕಡೆ, ಮಲಗಿದ ಮಗುವಿನ ಉಸಿರಿನ ಹಾಗೆ, ಸದ್ದೇ ಇಲ್ಲವೇನೋ ಅನ್ನಿಸುವಂಥ ಸದ್ದು ಸಿಗುತ್ತದೆ. ಅಲ್ಲಿ ಕೈ ಬಿಡಬೇಕು. ಆಮೇಲೆ ಇಂಜಿನ್ನಿನೊಳಗೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ನೋಡಿದರೆ ಅದರ ಮೂತಿ ಹದವಾಗಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತದೆ. ಈಗಿನ ಗಾಡಿಗಳಿಗೆ ಕಾರ್ಬೋರೇಟರೇ ಇಲ್ಲ. ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ನೋಡುತ್ತಾರೆ. ನೋಡಲಿ. ನಾನು ಕೇಳುವವನು.

ಅಂಗಡಿಯ ಮೇಲೆ ಒಂದು ಬೋರ್ಡು. ಹಳೆಯ ಜೀಪೊಂದರ ಬಾಗಿಲ ತಗಡನ್ನು ತಟ್ಟಿ ಸಮ ಮಾಡಿ, ನೀಲಿ ಬಣ್ಣ ಬಳಿದು, ಬಿಳಿಯಲ್ಲಿ 'ಬಾಷಾ ಕಾರ್ಬೋರೇಟರ್ ವರ್ಕ್ಸ್' ಎಂದು ನನ್ನ ಕೈಯಿಂದಲೇ ಬರೆದದ್ದು. ಅಕ್ಷರಗಳು ಬಲಕ್ಕೆ ಹೋಗುತ್ತ ಹೋಗುತ್ತ ಸಣ್ಣಗಾಗಿವೆ, ಜಾಗ ಸಾಲದೆ. ಆದರೂ ಓದಿದವರು ಗೋಡೆಗೆ ಚೌಕಟ್ಟು ಹಾಕಿಸಿ ಡಿಗ್ರಿ ತೂಗುಹಾಕುತ್ತಾರಲ್ಲ, ನನಗೆ ಅದೇ ಅದು. ಪ್ರತಿ ವರ್ಷ ತೊಳೆದು ಬಣ್ಣ ಕೊಡುತ್ತೇನೆ.

ಆ ಬೋರ್ಡನ್ನೇ ನಾನೊಮ್ಮೆ ಪಣಕ್ಕಿಟ್ಟೆ. ಕಾರಣ, ಸಿರುಗುಪ್ಪದ ವಿರೂಪಾಕ್ಷಪ್ಪ ಮಾಸ್ತರ ಗಾಡಿ.

ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರದೊಂದು ಹಳೆಯ ಅಂಬಾಸಿಡರ್. ಅವರ ಹೆಂಡತಿ ನೀಲಮ್ಮನವರ ತವರು ಕುರುಗೋಡು. ಅಲ್ಲಿ ಅವರ ಅಕ್ಕ ಇದ್ದಾರೆ. ಸೋಮವಾರ ಬಂತೆಂದರೆ ಗಂಡಹೆಂಡತಿ ಸಿರುಗುಪ್ಪದಿಂದ ಹೊರಟು ಕುರುಗೋಡಿಗೆ ಹೋಗಿ, ಬಸವಣ್ಣನಿಗೆ ಕಾಯಿ ಒಡೆಸಿ, ಅಕ್ಕನ ಮನೆಯಲ್ಲಿ ಉಂಡು ವಾಪಸ್ಸು ಬರುವುದು. ಹೋದ ವರ್ಷ ಆ ಗಾಡಿಗೆ ಬಿಳಿ ಬಣ್ಣ ಹೊಡೆಸಿಕೊಟ್ಟವನು ನಾನೇ. ಬಣ್ಣ ಹೊಡೆಸಿದ ಮೇಲೆ ಅದನ್ನು ಕಾಪಾಡುವುದು ಹೇಗೆಂದು ಇಬ್ಬರನ್ನೂ ನಿಲ್ಲಿಸಿಕೊಂಡು ಒಂದು ತಾಸು ಹೇಳಿದ್ದೆ. ಬೇವಿನ ಗಿಡದ ಕೆಳಗೆ ನಿಲ್ಲಿಸಬೇಡಿ, ಒಣಬಟ್ಟೆಯಲ್ಲಿ ಒರೆಸಬೇಡಿ, ಅದು ಬೇಡ, ಇದು ಬೇಡ. ಗಣಿತದ ಮಾಸ್ತರರಿಗೆ ಪಾಠ ಹೇಳುವ ಅವಕಾಶ ನನ್ನಂಥವನಿಗೆ ದಿನಾ ಸಿಗುತ್ತದೆಯೇ?

ಅದಾಗಿ ಒಂದು ತಿಂಗಳಿಗೆ ಮಾಸ್ತರ ಫೋನು. "ಮೇಸ್ತ್ರಿ, ಗಾಡಿ ದಾರ್‍ಯಾಗ ನಿಂತು ಬಿಡಾಕತ್ತೈತ್ರಿ. ಮುಕ್ಕರಿಸಿ ಮುಕ್ಕರಿಸಿ ನಿಲ್ಲತೈತಿ. ಹತ್ತು ನಿಮಿಷ ಬಿಟ್ಟು ಹಚ್ಚಿದ್ರ ಮತ್ತ ಹೊಂಡತೈತಿ."

ಇದು ನನಗೆ ಎಡಗೈ ಕೆಲಸ. ಗಾಡಿ ತರಿಸಿಕೊಂಡೆ. ಕಾರ್ಬೋರೇಟರ್ ಬಿಚ್ಚಿ, ತೊಳೆದು, ಜೆಟ್ಟುಗಳನ್ನು ಊದಿ, ನಳಿಗೆ ಹಚ್ಚಿ ಟ್ಯೂನ್ ಮಾಡಿದೆ. ಮಗುವಿನ ಉಸಿರು ಸಿಕ್ಕಿತು. ಅದನ್ನು ಓಡಿಸಿಕೊಂಡು ಕೋಟೆ ಗುಡ್ಡದ ಸುತ್ತ ನಾಲ್ಕು ಸುತ್ತು ಹಾಕಿದೆ. ಬೆಣ್ಣೆ. ಮಾಸ್ತರು ಊರಿಗೆ ಒಯ್ದರು. ಮುಂದಿನ ಸೋಮವಾರವೇ ಗಾಡಿ ನಿಂತಿತು.

ಎರಡನೆಯ ಸಲ ನಮ್ಮ ಬಿಸಿಲಿನ ಮೇಲೆ ತಪ್ಪು ಹೊರಿಸಿದೆ. ಬಳ್ಳಾರಿ ಜಿಲ್ಲೆಯಲ್ಲಿ ಯಾವ ತಪ್ಪನ್ನಾದರೂ ಬಿಸಿಲಿನ ಮೇಲೆ ಹೊರಿಸಬಹುದು, ಅದು ತಿರುಗಿ ಮಾತಾಡುವುದಿಲ್ಲ. ಇಂಜಿನ್ ಕಾವಿಗೆ, ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿನಲ್ಲೋ ಕೊಳವೆಯಲ್ಲೋ ಅದು ಆವಿಯಾಗಿ ಗಾಡಿ ನಿಲ್ಲುವುದು ಇದ್ದದ್ದೇ. "ನಿಂತಾಗ ಪೆಟ್ರೋಲ್ ಪಂಪಿನ ಮ್ಯಾಲ ಗೋಣಿತಾಟು ನೆನಸಿ ಹಾಕ್ರಿ" ಎಂದು ಹೇಳಿ, ಕೊಳವೆಗೆ ದಾರ ಸುತ್ತಿ ಕಳಿಸಿದೆ. ಮಾಸ್ತರು ಹಾಗೇ ಮಾಡಿದರು. ಗಾಡಿ ನಿಂತಿತು, ಗೋಣಿತಾಟು ಹಾಕಿದರು, ಹತ್ತು ನಿಮಿಷಕ್ಕೆ ಹೊರಟಿತು. ನೋಡಿದಿರಾ, ನನ್ನ ಔಷಧ ಎಂದು ಬೀಗಿದೆ. ಮಾಸ್ತರು ತಣ್ಣಗೆ, "ಮೇಸ್ತ್ರಿ, ಗೋಣಿತಾಟು ಹಾಕೂಕಿಂತ ಮೊದಲೂ ಹತ್ತು ನಿಮಿಷಕ್ಕ ಹೊಂಡತಿತ್ತರಿ" ಎಂದರು. ಗಣಿತದವರ ಸಹವಾಸ ಬೇಡ.

ಮೂರನೆಯ ಸಲ ಪೆಟ್ರೋಲ್ ಪಂಪನ್ನೇ ಬದಲಿಸಿದೆ. ಮಾಸ್ತರು ಗಾಡಿ ಬಿಟ್ಟು ಹೋಗುವಾಗ ನೀಲಮ್ಮನವರು ಒಂದು ಮಾತು ಹೇಳಿದರು. "ಮೇಸ್ತ್ರಿ, ಅದು ನಿಂತಾಗ ಇವ್ರು ಪೆಟ್ರೋಲ್ ಐತೇನು ಅಂತ ಮುಚ್ಚಳ ತಗೀತಾರ. ಆವಾಗ ನಮ್ಮ ಗಾಡಿ ನಿಟ್ಟುಸಿರು ಬಿಡತೈತ್ರಿ. ಹುಸ್ಸ್ ಅಂತೈತಿ. ಪಾಪ, ದಣಿದಿರತೈತೇನೋ." ಪೆಟ್ರೋಲಿನ ಮೀಟರು ಕೆಟ್ಟಿದ್ದರಿಂದ ಮಾಸ್ತರು ಮುಚ್ಚಳ ತೆಗೆದು, ಗಾಡಿಗೆ ಸೊಂಟ ಕೊಟ್ಟು ಅಲ್ಲಾಡಿಸಿ, ಗುಳುಗುಳು ಕೇಳಿಸುತ್ತದೆಯೇ ಎಂದು ನೋಡುತ್ತಿದ್ದರು. ನಾನು ನಕ್ಕೆ. "ಅಮ್ಮಾರ, ಹೆಂಗಸರು ಹಾಲು ಉಕ್ಕೋ ಸಪ್ಪಳ ಕೇಳಬೇಕ್ರಿ. ಗಾಡಿ ಸಪ್ಪಳ ನನಗ ಬಿಡ್ರಿ" ಎಂದೆ. ಅವರೂ ನಕ್ಕರು. ಆ ನಗು ನನಗೆ ಈಗಲೂ ನೆನಪಿದೆ. ಅದು ಸೋತವರ ನಗುವಾಗಿರಲಿಲ್ಲ.

ನಾಲ್ಕನೆಯ ಸಲ ಗಾಡಿ ನಿಂತ ಸುದ್ದಿ ಬಂದಾಗ ನಾನು ಅಂಗಡಿಯ ಎದುರಿನ ಸೀನಪ್ಪನ ಚಹಾದಂಗಡಿಯಲ್ಲಿದ್ದೆ. ಆಂಧ್ರದ ಆಲೂರು ಕಡೆಯವನಾದ ಸೀನಪ್ಪನ ಬಾಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಕೀಟಲೆ.

"ಏಮಿ ಭಾಯ್, ಮಾಸ್ತರ ಗಾಡಿ ಮಳ್ಳೀ, ಮತ್ತ ನಿಂತಿತಂತ? ಕಂಪ್ಯೂಟರ್ ಅಂಗಡಿಗೆ ಕಳಸಂಗಿದ್ರ ಹೇಳು, ನಾನ ದೂಡಿಕೊಂಡು ಹೋಗತೀನಿ."

ಅಂಗಡಿ ತುಂಬ ಜನ. ನನಗೆ ಕಿವಿ ಬಿಸಿಯಾಯಿತು. ಗಾಜಿನ ಲೋಟ ಕೆಳಗಿಟ್ಟು ಎದ್ದು ನಿಂತೆ. "ಸೀನಪ್ಪಾ, ಕೇಳ್ಕೋ. ಬರೋ ಸೋಮವಾರ ಆ ಗಾಡ್ಯಾಗ ನಾನ ಕೂತು ಹೋಗತೀನಿ. ಸಿರುಗುಪ್ಪದಿಂದ ಕುರುಗೋಡಿಗೆ. ನಡುವ ನಿಂತು ಬಿಡ್ತು ಅಂದ್ರ ನನ್ನ ಬೋರ್ಡು ಇಳಸ್ತೀನಿ. ಇದು ಬಾಷಾನ ಮಾತು."

"ಇಳಸಾಕ ನಿಚ್ಚಣಿಕಿ ನಾ ಕೊಡತೀನಿ" ಎಂದ ಸೀನಪ್ಪ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಾತು ಬಾಯಿ ದಾಟಿ ಹೋಗಿತ್ತು.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಸಿರುಗುಪ್ಪ ಮುಟ್ಟಿದೆ. ಕೊರಳಲ್ಲಿ ರಬ್ಬರ್ ನಳಿಗೆ. ಬಸ್ಸಿನಲ್ಲಿ ಒಬ್ಬರು "ಡಾಕ್ಟರಾ?" ಎಂದು ಕೇಳಿದ್ದಕ್ಕೆ ಹೌದೆಂದೆ. ಮಾಸ್ತರ ಮನೆಯ ಮುಂದೆ ಇಂಜಿನ್ ಹಚ್ಚಿ ಕೇಳಿದೆ. ಹದವಾಗಿತ್ತು. ಪ್ಲಗ್ ತೆಗೆದು ನೋಡಿದೆ. ಇಟ್ಟಿಗೆ ಬಣ್ಣ. ಗಾಡಿಯಲ್ಲಿ ತಪ್ಪೇ ಇಲ್ಲ! ತಪ್ಪಿಲ್ಲದ ಗಾಡಿ ನಿಲ್ಲುವುದು ಹೇಗೆ? ಭಯಕ್ಕಿಂತ ಹೆಚ್ಚಾಗಿ ನನಗೆ ಇದೇ ಕಾಡುತ್ತಿತ್ತು. ಬಳ್ಳಾರಿಯಲ್ಲಿ ನಾನು ಓಡಿಸಿದಾಗ ಒಮ್ಮೆಯೂ ನಿಲ್ಲದ್ದು ಇವರು ಓಡಿಸಿದಾಗ ನಿಲ್ಲುತ್ತದೆ. ಗಾಡಿಗೂ ಓದಿದವರು, ಓದದವರು ಎಂಬ ಭೇದವಿದೆಯೇ? ತೆಕ್ಕಲಕೋಟೆಯ ಆಚೆ ನಿಲ್ಲುತ್ತದೆ ಎಂದರು ಮಾಸ್ತರು. ಆ ಜಾಗದಲ್ಲಿ ಏನೋ ಇದೆ ಎಂದು ಪಕ್ಕದ ಮನೆಯವರು ನಿಂಬೆಹಣ್ಣು ಕೊಟ್ಟಿದ್ದರಂತೆ. ಅದು ಡ್ಯಾಷ್‌ಬೋರ್ಡಿನ ಮೇಲೆ ಒಣಗಿ ಗೋಲಿಯಾಗಿತ್ತು.

ನೀಲಮ್ಮನವರು ಗಾಡಿ ಪೂಜೆ ಮಾಡಿದರು. ಊದುಬತ್ತಿ ಬೆಳಗಿ, ಹಿಂದಕ್ಕೆ ಹೋಗಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಗಂಧ ಬೆರೆಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಅಡ್ಡಲಾಗಿ ಬಳಿದು, ನಟ್ಟ ನಡುವೆ ಕುಂಕುಮದ ಬೊಟ್ಟಿಟ್ಟರು. ಹಳೆಯ ವಿಭೂತಿಯ ಮೇಲೆ ಹೊಸ ವಿಭೂತಿ, ಗೋಡೆಗೆ ಸುಣ್ಣ ಬಳಿದಂತೆ. ನಾನು ಕೈ ಕಟ್ಟಿ ಭಕ್ತಿಯಿಂದ ನಿಂತಿದ್ದೆ. ಬೇರೆಯವರ ದೇವರ ಗುರುತನ್ನು ಕೈಯಿಂದ ಅಳಿಸಬಾರದೆಂದು ನಮ್ಮಪ್ಪ ಹೇಳಿದ್ದರು. ಅಂಗಡಿಯಲ್ಲಿ ಆ ಗಾಡಿಯನ್ನು ಮೂರು ಸಲ ತೊಳೆದಾಗಲೂ ಆ ಮುಚ್ಚಳವೊಂದನ್ನು ಮುಟ್ಟಿರಲಿಲ್ಲ.

ದಾರಿಯಲ್ಲಿ ಬಂಕಿಗೆ ಹೋಗಿ ಮಾಸ್ತರು ಟ್ಯಾಂಕು ತುಂಬಿಸಿದರು.

"ಪೂರ್ತಿ ಯಾಕ್ರಿ ಮಾಸ್ತರ?"

"ಮೀಟರ್ ಇಲ್ಲಲ್ಲ ಮೇಸ್ತ್ರಿ. ತುಂಬಿದ್ರ ಲೆಕ್ಕ ಸುಲಭ."

ಹೊರಟೆವು. ಮಾಸ್ತರು ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೀಲಮ್ಮನವರು. ಎರಡೂ ಕಡೆ ಭತ್ತದ ಗದ್ದೆ, ಕಾಲುವೆ, ಲಾರಿಗಳು. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ತೆಕ್ಕಲಕೋಟೆ ಬಂತು, ಹೋಯಿತು. ನಾನು ಎದೆಯುಬ್ಬಿಸಿ, "ನೋಡ್ರಿ ಮಾಸ್ತರ, ಮೇಸ್ತ್ರಿ ಒಳಗ ಕುಂತ್ರ ಗಾಡಿಗೂ ಹೆದರಿಕಿ ಇರತೈತಿ" ಎಂದೆ.

ಗಾಡಿ ಮುಕ್ಕರಿಸಿತು.

ಒಂದು ಸಲ, ಎರಡು ಸಲ. ಗಂಟಲಿಗೆ ಮುದ್ದೆ ಸಿಕ್ಕವನ ಹಾಗೆ. ಮಾಸ್ತರು ಅದನ್ನು ಮೆಲ್ಲಗೆ ರಸ್ತೆಯ ಪಕ್ಕಕ್ಕೆ ತಂದರು. ನಿಂತೇ ಹೋಯಿತು. ನನ್ನ ಕಣ್ಣ ಮುಂದೆ ಸೀನಪ್ಪ ನಿಚ್ಚಣಿಕೆ ಹೆಗಲ ಮೇಲಿಟ್ಟುಕೊಂಡು ರಸ್ತೆ ದಾಟುತ್ತಿದ್ದ.

ಇಳಿದು ಬಾನೆಟ್ ಎತ್ತಿದೆ. ಕಾರ್ಬೋರೇಟರಿಗೆ ಪೆಟ್ರೋಲು ಕಳಿಸುವ ಕೊಳವೆ ಬಿಚ್ಚಿ, ಪಂಪನ್ನು ಕೈಯಿಂದ ಒತ್ತಿದೆ. ಒಂದು ಹನಿ ಬರಲಿಲ್ಲ. ತುಂಬಿದ ಟ್ಯಾಂಕು, ಹೊಸ ಪಂಪು, ಒಂದು ಹನಿ ಇಲ್ಲ! ಹಿಂದೆ ಮಾಸ್ತರು ರೂಢಿಯಂತೆ ಮುಚ್ಚಳ ತೆಗೆಯಲು ಹೋದರು.

"ತಡೀರಿ" ಎಂದರು ನೀಲಮ್ಮನವರು. ಗಾಡಿಯಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಮುಚ್ಚಳ ತಗೀಬ್ಯಾಡ್ರಿ. ಮೇಸ್ತ್ರಿ, ಇಲ್ಲಿ ಬರ್ರಿ. ನಿಮ್ಮ ನಳಿಗಿ ಒಂದು ಸಲ ಇಲ್ಲಿ ಹಚ್ಚರಿ."

"ಅಮ್ಮಾರ, ಕಾರ್ಬೋರೇಟರ್ ಮುಂದ ಐತ್ರಿ."

"ಮುಂದ ನಾಲ್ಕು ಸಲ ಕೇಳೀರಿ. ಹಿಂದ ಒಂದು ಸಲ ಕೇಳ್ರಿ. ಹಾಲು ಉಕ್ಕೋದು ಕೇಳಿ ಕೇಳಿ ಕಿವಿ ಪಳಗಿದಾಕಿ ಹೇಳಾಕತ್ತೀನಿ."

ಹೋಗದೆ ಗತಿಯಿರಲಿಲ್ಲ. ನಳಿಗೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮುಚ್ಚಳದ ಅಂಚಿಗೆ ಇಟ್ಟೆ. ಮಾಸ್ತರು ಮುಚ್ಚಳ ತಿರುವಿದರು.

ಹುಸ್ಸ್ಸ್ಸ್.

ಕಿವಿಯೊಳಗೆ ಹಾವು ಹರಿದ ಹಾಗಾಯಿತು. ಹಾರಿ ಹಿಂದಕ್ಕೆ ಸರಿದೆ. ಅದು ನಿಟ್ಟುಸಿರಾಗಿರಲಿಲ್ಲ. ಉಸಿರು ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು. ಮುಳುಗಿದವನು ನೀರಿನಿಂದ ತಲೆಯೆತ್ತಿ ಗಾಳಿ ಎಳೆದುಕೊಳ್ಳುವ ಸದ್ದು. ಅಷ್ಟರಲ್ಲಿ ಮುಂದೆ ಕೊಳವೆಯಿಂದ ಪೆಟ್ರೋಲು ತಟತಟ ಹನಿಯತೊಡಗಿದ್ದೂ ಕೇಳಿಸಿತು.

ಬ್ರೂಸ್‌ಪೇಟೆ. ಶೇಂಗಾ ಎಣ್ಣೆ. ಮೊಳೆ. ಎರಡು ತೂತು. ಒಂದು ಎಣ್ಣಿಗೆ, ಒಂದು ಗಾಳಿಗೆ.

ಮುಚ್ಚಳ ತೆಗೆದುಕೊಂಡು ನೋಡಿದೆ. ಪ್ರತಿ ಹಳೆಯ ಮುಚ್ಚಳದಲ್ಲೂ ಸೂಜಿಕಣ್ಣಿನಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಖಾಲಿಯಾದಷ್ಟೂ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಇಲ್ಲಿ ಆ ತೂತಿನ ಮೇಲೆ ಸರಿಯಾಗಿ, ಅಳತೆ ಮಾಡಿ ಇಟ್ಟಂತೆ, ಕುಂಕುಮದ ಬೊಟ್ಟು. ಅದರ ಕೆಳಗೆ ತಿಂಗಳುಗಟ್ಟಲೆಯ ವಿಭೂತಿ ಗಂಧ, ಗಾರೆಯಂತೆ ಗಟ್ಟಿ. ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಲೆಕ್ಕದ ಮಾಸ್ತರು ರಿಪೇರಿಗೆ ಬಿಡುವ ಗಾಡಿಯಲ್ಲಿ ಹೆಚ್ಚು ಪೆಟ್ರೋಲು ಉಳಿಸುತ್ತಿರಲಿಲ್ಲ, ನಾನು ಬಳ್ಳಾರಿಯಲ್ಲಿ ಓಡಿಸಿದ್ದು ತಳದಲ್ಲಿದ್ದ ಎರಡು ಮೂರು ಲೀಟರಿನಲ್ಲಿ. ಟ್ಯಾಂಕಿನ ತುಂಬ ಗಾಳಿಯೇ ಇತ್ತು, ಸಾಕಾಗುತ್ತಿತ್ತು. ಮಾಸ್ತರು ಕಂಠಪೂರ್ತಿ ತುಂಬಿಸುತ್ತಿದ್ದರು. ಗಾಳಿಗೆ ಜಾಗವೇ ಇಲ್ಲ. ಸ್ವಲ್ಪ ಪೆಟ್ರೋಲು ಕಡಿಮೆಯಾಗುವಷ್ಟರಲ್ಲಿ ಟ್ಯಾಂಕು ಉಸಿರು ಕಟ್ಟಿ, ಪೆಟ್ರೋಲನ್ನು ಒಳಗೇ ಹಿಡಿದುಕೊಳ್ಳುತ್ತಿತ್ತು. ಮುಚ್ಚಳ ತೆಗೆದರೆ ಬಿಡುಗಡೆ. ಕೀರ್ತಿ ಮಾತ್ರ ಗೋಣಿತಾಟಿಗೆ.

"ಅಮ್ಮಾರ," ಎಂದೆ, ಬಹಳ ಸಂಕೋಚದಿಂದ, "ಪೂಜಿದು ತಪ್ಪು ಅಂತ ಹೇಳಾಕತ್ತಿಲ್ರಿ. ಆದ್ರ ಇಲ್ಲಿ ಯಾಕ ಹಚ್ಚಾಕ ಶುರು ಮಾಡಿದ್ರಿ? ಎಲ್ಲಾರೂ ಬಾನೆಟ್ಟಿಗೆ ಹಚ್ಚತಾರ."

ನೀಲಮ್ಮನವರು ನನ್ನನ್ನು ಕ್ಷಣಕಾಲ ನೋಡಿದರು. "ನೀವ ಹೇಳಿದ್ರಲ್ರಿ ಮೇಸ್ತ್ರಿ."

"ನಾನಾ?"

"ಬಣ್ಣ ಹೊಡೆಸಿಕೊಟ್ಟ ದಿನ. ಬಾನೆಟ್ಟಿಗೆ ಹಸಿ ಗಂಧ ಹಚ್ಚಬ್ಯಾಡ್ರಿ, ಬಣ್ಣ ಸುಲೀತೈತಿ. ಹಚ್ಚೂದಾದ್ರ ಪೆಟ್ರೋಲ್ ಮುಚ್ಚಳಕ್ಕ ಹಚ್ಚರಿ, ಅದು ಸ್ಟೀಲು, ಏನೂ ಆಗಂಗಿಲ್ಲ ಅಂದ್ರಿ. ಗಾಡಿ ಅನ್ನ ಉಣ್ಣೋ ಬಾಯಿ ಅದ, ಅಲ್ಲೇ ಹಚ್ಚರಿ, ಪುಣ್ಯ ಬರತೈತಿ ಅಂತನೂ ಅಂದ್ರಿ."

ಮಾಸ್ತರು ಆಕಾಶ ನೋಡುತ್ತಿದ್ದರು. ಅವರ ಭುಜ ಕುಣಿಯುತ್ತಿತ್ತು. ಮೊದಲು ಅಳುತ್ತಿದ್ದಾರೆಂದುಕೊಂಡೆ. ಆಮೇಲೆ ಬಿಕ್ಕಳಿಸಿ ನಗುವುದು ಕೇಳಿಸಿತು. "ಮೇಸ್ತ್ರಿ, ಲೆಕ್ಕ ತಾಳೆ ಆತು ನೋಡ್ರಿ. ಉತ್ತರ ಪ್ರಶ್ನಿಯೊಳಗ ಇತ್ತು" ಎಂದರು.

ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತೆ. ಅನುಮಾನಪಟ್ಟು ಬಿಚ್ಚಿ ಜೋಡಿಸಿದ ಆ ಕಾರ್ಬೋರೇಟರಿನ ಮುಖ ನೋಡಲು ನಾಚಿಕೆಯಾಯಿತು. ತಪ್ಪು ಅದರದ್ದಾಗಿರಲಿಲ್ಲ. ನಾನೇ ಬರೆದುಕೊಟ್ಟ ಚೀಟಿಯ ಔಷಧ, ನಾನೇ ಹುಡುಕುತ್ತಿದ್ದ ರೋಗ.

ಈಗ ತೂತು ಬಿಡಿಸಬೇಕಲ್ಲ. ನನ್ನ ಚೀಲದಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲ ಇದ್ದವು. ಆದರೆ ಜೀವಮಾನವಿಡೀ ತಂತಿಯನ್ನು ಬೈದವನ ಬಳಿ ತಂತಿ ಎಲ್ಲಿಂದ ಬರಬೇಕು? ನೀಲಮ್ಮನವರು ಕೈಚೀಲ ತಡಕಾಡಿ ಕಾಗದದ ಪೊಟ್ಟಣ ತೆಗೆದರು. ಅದರ ತುಂಬ ಸ್ಟೋವ್ ಪಿನ್ನುಗಳು.

"ನಮ್ಮಕ್ಕಂದು ಹಳೇ ಕಾಲದ ಬುದ್ಧಿ. ಗ್ಯಾಸಿನ ಚಹಾ ರುಚಿ ಇಲ್ಲ ಅಂತ ಇನ್ನೂ ಪಂಪ್ ಸ್ಟೋವ್ ಹಚ್ಚತಾಳ. ಸಿರುಗುಪ್ಪದಾಗ ಒಂದ ಅಂಗಡ್ಯಾಗ ಸಿಗತಾವ. ಒಂದು ತಗೋರಿ."

"ನೀವ ಬಿಡಸ್ರಿ ಅಮ್ಮಾರ. ನಾನು ಅದನ್ನ ಅಳಸಂಗಿಲ್ಲ."

ಅವರು ಒಂದು ಕೈಯಿಂದ ಕುಂಕುಮವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಾನು ಹಿಡಿದಿದ್ದ ಮುಚ್ಚಳಕ್ಕೆ ಇನ್ನೊಂದು ಕೈಯಿಂದ ಪಿನ್ನು ಚುಚ್ಚಿದರು. ನೋಡದೆಯೇ. ಥೇಟ್ ನಮ್ಮಮ್ಮ ಚುಚ್ಚುತ್ತಿದ್ದ ಹಾಗೆ. ತೂತಿನಿಂದ ಬೆಳಕು ಬಂತು. ಆ ಪಿನ್ನನ್ನು ನಾನು ಕೇಳಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.

ಗಾಡಿ ಕುರುಗೋಡಿಗೆ ಹೋಯಿತು. ಅಕ್ಕನ ಮನೆಯಲ್ಲಿ ಪಂಪ್ ಸ್ಟೋವಿನ ಚಹಾ ಕುಡಿದೆ. ಆ ಭುಸುಭುಸು ಸದ್ದಿನ ಮುಂದೆ ಲೋಟ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, "ಮೇಸ್ತ್ರಿಗೆ ನಿದ್ದಿ ಬಂತೇನು?" ಎಂದು ಅಕ್ಕ ಕೇಳಿದರು. ವಾಪಸ್ಸು ಬರುವಾಗಲೂ ಗಾಡಿ ನಿಲ್ಲಲಿಲ್ಲ.

ಆದರೆ ಮಾತು ಮಾತೇ. ಮಾರನೆಯ ದಿನ ಸೀನಪ್ಪನ ಹತ್ತಿರ ಹೋಗಿ, "ನಿಚ್ಚಣಿಕಿ ಕೊಡು" ಎಂದೆ.

ಅವನ ಮುಖದಲ್ಲಿ ಕೀಟಲೆ ಇರಲಿಲ್ಲ. "ಭಾಯ್, ನಾ ತಮಾಷಿಗಂದೆ. ಬಿಟ್ಟುಬಿಡು."

"ನಾನು ತಮಾಷಿಗಂದಿಲ್ಲ."

ಬೋರ್ಡು ಇಳಿಸಿ, ಒಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅದಿದ್ದ ಕಡೆ ಗೋಡೆ ಹಳೆಯ ಬಣ್ಣದಲ್ಲೇ ಹೊಸದಾಗಿ ಕಾಣುತ್ತಿತ್ತು. ಆ ವಾರವೆಲ್ಲ ನಾನು ಕೆಲಸ ಮಾಡುತ್ತಿದ್ದೆ, ಆದರೆ ತಲೆಯೆತ್ತುತ್ತಿರಲಿಲ್ಲ. ಜೈನಬಿಗೆ ಮಾತ್ರ ಎಲ್ಲ ಹೇಳಿದೆ, ಪಿನ್ನಿನದೊಂದು ಬಿಟ್ಟು. ಅದನ್ನು ಯಾಕೆ ಬಿಟ್ಟೆನೋ.

ಮುಂದಿನ ವಾರ ಮಾಸ್ತರೂ ನೀಲಮ್ಮನವರೂ ಬಳ್ಳಾರಿಗೆ ಬಂದವರು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಮುಚ್ಚಳದ ಮೇಲೆ ಮೂರು ಎಳೆ ವಿಭೂತಿ ಹಾಗೇ ಇತ್ತು, ನಡುವೆ ತೂತು ಮಾತ್ರ ಬಾಯಿ ತೆರೆದಿತ್ತು. ತೂತಿಗೊಂದು ಪಿನ್ನು ಸಿಕ್ಕಿಸಿಟ್ಟು ವಿಭೂತಿ ಬಳಿದು, ಆಮೇಲೆ ಅದನ್ನು ಎಳೆದುಬಿಡುತ್ತಾರಂತೆ. ನೀಲಮ್ಮನವರು ತಲೆಯೆತ್ತಿ ಖಾಲಿ ಗೋಡೆ ನೋಡಿದರು.

"ಬೋರ್ಡ್ ಎಲ್ಲೈತ್ರಿ?"

ಸೀನಪ್ಪ ಚಹಾ ತಂದವನು ಎಲ್ಲ ಹೇಳಿಬಿಟ್ಟ. ನೀಲಮ್ಮನವರು ಲೋಟ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದರು. "ಮೇಸ್ತ್ರಿ, ಇಳಸ್ತೀನಿ ಅಂದ್ರಿ, ಇಳಸೀರಿ. ಮಾತು ಮುಗೀತು. ಮತ್ತ ಏರಸಂಗಿಲ್ಲ ಅಂತೇನೂ ಅಂದಿಲ್ಲಲ್ಲ?"

ನಾನು ಸೀನಪ್ಪನ ಮುಖ ನೋಡಿದೆ. ಅವನು ಇಲ್ಲವೆಂದು ತಲೆಯಾಡಿಸಿದ.

"ಹಂಗಂದ್ರ ಏರಸ್ರಿ. ಆದ್ರ ನಡುವ ಒಂದು ತೂತು ಬಿಡ್ರಿ" ಎಂದರು ನೀಲಮ್ಮನವರು. "ಎಲ್ಲಾ ಮುಚ್ಚಿಕೊಂಡ್ರ ಏನಾಗತೈತಿ ಅಂತ ನಿಮಗ ಗೊತ್ತೈತಲ್ಲ."

ಡ್ರಿಲ್ ತಂದು ಅವರ ಎದುರಿಗೇ ಬೋರ್ಡಿನ ನಡುವೆ ಒಂದು ತೂತು ಕೊರೆದೆ. ಸೀನಪ್ಪ ನಿಚ್ಚಣಿಕೆ ಹಿಡಿದ. ಮಧ್ಯಾಹ್ನ ಬಿಸಿಗಾಳಿ ಬೀಸಿದಾಗ ಆ ತೂತು ಸಣ್ಣಗೆ ಸಿಳ್ಳೆ ಹಾಕುತ್ತದೆ. ಹೊಸಬರು ಏನು ಸದ್ದು ಎಂದು ಕೇಳುತ್ತಾರೆ. ನಾನು ಒಮ್ಮೆ ಯಾರೂ ಇಲ್ಲದಾಗ ನಿಚ್ಚಣಿಕೆ ಹತ್ತಿ, ನಳಿಗೆ ಹಚ್ಚಿ ಕೇಳಿದ್ದೇನೆ.

ಗಾಳಿ ಹದವಾಗಿದೆ.